ಬಾಗಿಲಿಗೆ ನಿಲ್ಲಿಸಿದ ಬಾಯಿ

ನಾನು ಮಾಡುತ್ತಿದ್ದ ನೌಕರಿ ಏನೆಂಬುದು ನಮ್ಮ ಅತ್ತೆಯವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಬೀಗರು ಮನೆಗೆ ಬಂದಾಗ, "ದವಾಖಾನ್ಯಾಗ ಇರ್ತಾಳ, ಆದ್ರ ನರ್ಸಬಾಯಿ ಅಲ್ಲ. ಪೊಲೀಸರ ಜೋಡಿ ಅಡ್ಡಾಡ್ತಾಳ, ಆದ್ರ ಪೊಲೀಸೂ ಅಲ್ಲ. ಒಟ್ಟ ಪಗಾರ ಬರ್ತೈತಿ" ಎಂದು ನನ್ನನ್ನು ಪರಿಚಯ ಮಾಡಿಕೊಟ್ಟು ಚಹಾ ಮಾಡಲು ಒಳಗೆ ಹೋಗಿಬಿಡುತ್ತಿದ್ದರು. ಹಾವೇರಿ ಸಂತೆಯಲ್ಲಿ ಒಮ್ಮೆ ಮೆಂತ್ಯದ ಸಿವುಡು ಕಟ್ಟುತ್ತಿದ್ದ ಅಜ್ಜಿಯೊಬ್ಬಳು ಕೇಳಿದಳು.

"ಏನ್ ಕೆಲಸ ಮಾಡ್ತಿ ತಂಗಿ?"

"ದೊಡ್ಡ ಹೊಡೆದಾಟ, ಬಡಿದಾಟ ಆದಲ್ಲಿ ಹೋಗಿ ಗಾಯ ಆದವರ ಹತ್ರ ಕುಂದರ್ತೀನಿ ಅಜ್ಜಿ."

"ಕುಂತು?"

"ಅತ್ರ ಅಳಾಕ ಬಿಡ್ತೀನಿ. ಅವರ ಮಂದಿಗೆ ಸುದ್ದಿ ಮುಟ್ಟಿಸ್ತೀನಿ. ಕೋರ್ಟು ಅಂದ್ರ ಸಂಗಾಟ ಹೋಗ್ತೀನಿ."

"ಅಯ್ಯ ನಮ್ಮವ್ವ! ಇದಕ್ಕ ಪಗಾರ ಬ್ಯಾರೆ ಕೊಡ್ತಾರನು? ನಾ ಹುಟ್ಟಿದಾಗಿಂದ ಪುಕ್ಕಟೆ ಮಾಡಾಕತ್ತೇನಲ್ಲ!"

ಎರಡು ಸಿವುಡು ಹೆಚ್ಚಿಗೆ ಕೊಂಡು ಅಲ್ಲಿಂದ ಜಾಗ ಖಾಲಿ ಮಾಡಿದೆ. ಆದರೂ ಈ ಕೆಲಸಕ್ಕೆ ಹೊಸದಾಗಿ ಸೇರಿರುವ ಹುಡುಗಿಯರು ಮೊನ್ನೆ ಮನೆಗೆ ಬಂದು, "ಅಕ್ಕಾರ, ನಿಮ್ಮ ಸಾಧನೆ ಬರದು ಕೊಡ್ರಿ, ನಮಗ ಉಪಯೋಗ ಆಗ್ತದ" ಎಂದು ಗಂಟುಬಿದ್ದರು. ಸಾಧನೆ ಎಲ್ಲಿಂದ ತರಲಿ? ಬಡ್ತಿ ಎರಡು ಸಲ ಬಂತು, ಎರಡು ಸಲವೂ ಪೇಢೆ ಹಂಚಿದೆ, ಮುಗಿಯಿತು. ನನ್ನಲ್ಲಿ ಚೀಲಗಟ್ಟಲೆ ಇರುವುದು ಎಡವಟ್ಟುಗಳು. ಅದರಲ್ಲಿ ಒಂದಂತೂ ಎಂಥದ್ದೆಂದರೆ, ಒಳ್ಳೆಯದು ಮಾಡಲು ಹೋಗಿ ಬ್ಯಾಡಗಿಯ ಒಂದು ಓಣಿಗೆ ನಾನೇ ಬೆಂಕಿ ಹಚ್ಚಿಸುವುದರಲ್ಲಿದ್ದೆ. ಅದನ್ನು ಹೇಳುವುದಕ್ಕೇ ಪೆನ್ನು ಹಿಡಿದಿದ್ದೇನೆ. ಆದರೆ ಅಲ್ಲಿಗೆ ಹೋಗುವ ಮೊದಲು ದಾರಿಯಲ್ಲಿ ಒಂದೆರಡು ಕಡೆ ನಗಬೇಕಾಗುತ್ತದೆ, ತಯಾರಿರಿ.

ನಮ್ಮ ಕೆಲಸಕ್ಕೆ ಎರಡು ಮಗ್ಗುಲು. ಒಬ್ಬ ಮನುಷ್ಯನೋ ಒಂದು ಗುಂಪೋ ಹತ್ತಾರು ಮಂದಿಯ ಮೇಲೆ ಕೈ ಮಾಡಿದಾಗ, ಪೆಟ್ಟು ತಿಂದವರ ಜೊತೆ ನಿಲ್ಲುವುದು ಒಂದು. ಅಂಥದ್ದು ಆಗುವ ಮೊದಲೇ ಓಣಿ, ಕಾಲೇಜು, ಮಾರುಕಟ್ಟೆಗಳಿಗೆ ಹೋಗಿ, ಆದರೆ ಏನು ಮಾಡಬೇಕೆಂದು ಜನರಿಗೆ ಕಲಿಸುವುದು ಇನ್ನೊಂದು. ಈ ಎರಡನೆಯದರಲ್ಲೇ ಮಜಾ ಇರುವುದು.

ಆಗ ನಮಗೆ ಮೈಸೂರು ಕಡೆಯ ಸಾಹೇಬರೊಬ್ಬರಿದ್ದರು. ಸಾಧು ಮನುಷ್ಯ, ಸೀಟಿಯ ಹುಚ್ಚೊಂದು ಬಿಟ್ಟರೆ. ಯಾವ ಕಷ್ಟಕ್ಕೂ ಸೀಟಿಯೇ ಮದ್ದು ಅವರಿಗೆ. ರಾಣೇಬೆನ್ನೂರಿನ ಒಂದು ಕಲ್ಯಾಣಮಂಟಪದ ಅಂಗಳದಲ್ಲಿ ಅವರು ದೊಡ್ಡದೊಂದು ಅಣಕು ಕಾರ್ಯಾಚರಣೆ ಇಟ್ಟುಕೊಂಡರು. ಯಾರೋ ನುಗ್ಗಿ ಮದುವೆಮಂದಿಯನ್ನು ಕಡಿದರು ಎಂಬುದು ಕತೆ. ಕಾಲೇಜು ಹುಡುಗರಿಗೆ ಕೆಂಪು ಬಣ್ಣ ಬಳಿದು ಮಲಗಿಸಿದೆವು. ಒಬ್ಬೊಬ್ಬರ ಕೊರಳಿಗೂ ಒಂದೊಂದು ಚೀಟಿ: ಇವನಿಗೆ ಕಾಲು ಮುರಿದಿದೆ, ಇವನಿಗೆ ಉಸಿರಿಲ್ಲ, ಹೀಗೆ. ಉಸಿರಿಲ್ಲದವರ ಪಾತ್ರಕ್ಕೆ ಹುಡುಗರಲ್ಲಿ ಭಾರೀ ಪೈಪೋಟಿ, ಏಕೆಂದರೆ ಏನೂ ಮಾಡಬೇಕಾಗಿರಲಿಲ್ಲ.

ಸಾಹೇಬರು ಸೀಟಿ ಊದಿದರು. ಸ್ಟ್ರೆಚರ್ ಓಡಿದವು, ಹಗ್ಗ ಕಟ್ಟಿದೆವು, ನಾನು ಪಟ್ಟಿ ಹಿಡಿದು ಹೆಸರು ಬರೆಯತೊಡಗಿದೆ. ಅಷ್ಟರಲ್ಲಿ ರಸ್ತೆಯಲ್ಲಿ ಪಲ್ಲೆ ಮಾರುತ್ತ ಹೊರಟಿದ್ದ ಹೆಂಗಸೊಬ್ಬಳು ಗೇಟಿನಿಂದ ಇಣುಕಿ, ತಲೆಯ ಮೇಲಿನ ಪುಟ್ಟಿಯನ್ನು ಧೊಪ್ಪನೆ ಇಳಿಸಿ, ಹಗ್ಗದ ಕೆಳಗೆ ನುಸುಳಿ ಬಂದು ಒಬ್ಬ ಹುಡುಗನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು. "ಯಾರ ಮಗನೋ ನನ್ನಪ್ಪಾ... ಮುಂಜಾನಿ ಏನ್ ಉಂಡು ಬಂದಿದ್ದೆಪ್ಪಾ..." ಎಂದು ರಾಗ ಎಳೆದು ಹಾಡಿಕೊಂಡು ಅಳತೊಡಗಿದಳು. ಅವಳ ದನಿ ಎಷ್ಟು ಚೆನ್ನಾಗಿತ್ತೆಂದರೆ ಸ್ಟ್ರೆಚರಿನವರೂ ನಿಂತುಬಿಟ್ಟರು. ಸತ್ತ ಹುಡುಗ ಹಲ್ಲು ಕಚ್ಚಿ ತಡೆದ. ಅವಳು "ಉಪ್ಪಿಟ್ಟರ ತಿಂದಿದ್ಯೋ ಇಲ್ಲೋ" ಎಂದಾಗ ಅವನ ಹೊಟ್ಟೆ ಕುಲುಕಾಡತೊಡಗಿತು.

"ಏನ್ರೀ ಇದು, ಹೆಣ ನಗ್ತಾ ಇದೆ!" ಸಾಹೇಬರು ನನ್ನ ಕಡೆ ತಿರುಗಿ ಕೂಗಿದರು. "ಸುಮಿತ್ರಮ್ಮ, ಹೆಣಕ್ಕೆ ಸ್ವಲ್ಪ ಹೇಳ್ರೀ!"

ಹೆಂಗಸಿಗೆ ಗೊತ್ತಾಯಿತು. ಹುಡುಗನ ಕಪಾಳಕ್ಕೆ ಒಂದು ಬಿಟ್ಟಳು. ಆಮೇಲೆ ಎದ್ದು ನಿಂತು ನಮ್ಮೆಲ್ಲರನ್ನೂ ಬೈದಳು. "ಇಷ್ಟ ಮಂದಿ ಅದೀರಿ. ಓಡೋರು ಓಡಾಕತ್ತೀರಿ, ಬರಿಯೋರು ಬರಿಯಾಕತ್ತೀರಿ. ಒಬ್ರರ ಅವನ ಬಾಜೂಕ ಕುಂತಿದ್ರ ನಾ ಯಾಕ ಒಳಗ ಬರ್ತಿದ್ನಿ?"

ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು, ಸಾಹೇಬರೂ ನಕ್ಕರು. ಮರುದಿನ ಕಚೇರಿಯಲ್ಲಿ ನಮ್ಮ ಯೋಜನೆಯ ಕಾಗದ ತೆಗೆದು ನೋಡಿದರೆ ಸ್ಟ್ರೆಚರ್ ಇತ್ತು, ಗಾಡಿ ಇತ್ತು, ಹಗ್ಗವಿತ್ತು, ಸೀಟಿಯಂತೂ ಮೂರು ಕಡೆ ಇತ್ತು. ಜೊತೆಗೆ ಕೂಡುವವರು ಯಾರು ಎಂಬುದು ಎಲ್ಲಿಯೂ ಇರಲಿಲ್ಲ. ಅಂದೇ ಸೇರಿಸಿದೆವು. ನಿಮ್ಮ ತರಬೇತಿಯ ಪುಸ್ತಕದಲ್ಲಿ ಈಗ ಆ ಸಾಲನ್ನು ಓದುವಾಗ, ಅದನ್ನು ಬರೆಸಿದವಳು ಪಲ್ಲೆ ಮಾರುವ ಆ ಹೆಂಗಸು ಎಂದು ತಿಳಿದುಕೊಳ್ಳಿ.

ಕಾಲ ಬದಲಾದ ಹಾಗೆ ಕೆಲಸದ ರೀತಿಯೂ ಬದಲಾಯಿತು. ಮೊದಲೆಲ್ಲ ಗಾಯಾಳುಗಳ ಹೆಸರಿನ ಪಟ್ಟಿಯನ್ನು ನಾನು ಕೈಯಲ್ಲಿ ಬರೆದು ಆಸ್ಪತ್ರೆಯ ಗೋಡೆಗೆ ಅಂಟಿಸುತ್ತಿದ್ದೆ, ಮನೆಮನೆಗೆ ಹೋಗಿ ಮೆಲ್ಲನೆ ಸುದ್ದಿ ಮುಟ್ಟಿಸುತ್ತಿದ್ದೆ. ದನಿ ಎಷ್ಟು ತಗ್ಗಿಸಬೇಕು, ಮೊದಲು ಯಾರನ್ನು ಕೂಡಿಸಬೇಕು ಎಂಬುದರಲ್ಲಿ ನಾನು ಪಳಗಿದ್ದೆ. ಫೋನು ಬಂತು, ನನ್ನ ವಿದ್ಯೆ ಹಳ್ಳ ಹಿಡಿಯಿತು. ನಾನು ಹೋಗಿ, "ಸ್ವಲ್ಪ ಕುಂದ್ರಿ, ಒಂದು ಮಾತು ಹೇಳೋದೈತಿ" ಎನ್ನುವಷ್ಟರಲ್ಲಿ ಅವರೇ, "ನೀವು ಕುಂದ್ರಿ ಅಕ್ಕಾರ, ವಿಡಿಯೋ ನೋಡೀರಿಲ್ಲೋ?" ಎಂದು ನನಗೇ ತೋರಿಸಿ, ನಾನು ಬೆವರಿದ್ದು ಕಂಡು ನೀರು ಕೊಡುತ್ತಿದ್ದರು.

ಬದಲಾಗದೆ ಉಳಿದದ್ದು ಒಂದೇ, ಮಾತಾಡಿಸಲು ಬರುವುದು. ನಮ್ಮ ಕಡೆ ಯಾರಿಗಾದರೂ ಪೆಟ್ಟಾಯಿತೆಂದರೆ ಬಂಧುಬಳಗ, ಓಣಿ, ಬೀಗರ ಬೀಗರು, ಎಲ್ಲರೂ ಬಿಸ್ಕೀಟು ಪುಡಿಕೆಯೋ ಎಳನೀರೋ ಹಿಡಿದು ಬರಲೇಬೇಕು. ಬರದಿದ್ದರೆ, "ನಾ ಬಿದ್ದಾಗ ಮಾತಾಡ್ಸಾಕ ಬರಲಿಲ್ಲ" ಎಂದು ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಬಂದವರು ಸುಮ್ಮನೆ ನೋಡಿ ಹೋಗುವುದಿಲ್ಲ. "ಹೆಂಗಾತು? ಮೊದಲಿಂದ ಹೇಳು" ಎನ್ನುತ್ತಾರೆ.

ಅಗಡಿಯ ಟೇಲರ್ ಒಬ್ಬರ ಕತೆ ಕೇಳಿ. ಮದುವೆ ಮೆರವಣಿಗೆಯೊಂದಕ್ಕೆ ಗುಂಪೊಂದು ಬಡಿಗೆ ಹಿಡಿದು ನುಗ್ಗಿತು. ಮದುಮಗಳ ಕುಪ್ಪಸ ಕೊಡಲು ಹೋಗಿದ್ದ ಈ ಪುಣ್ಯಾತ್ಮನ ತಲೆಗೂ ಏಟು ಬಿತ್ತು. ಮನೆಗೆ ಬಂದ ಮೇಲೆ ನಾಲ್ಕು ದಿನ ಅವರು ಬಂದವರಿಗೆಲ್ಲ ಮೊದಲಿನಿಂದ ಹೇಳಿದರು. ಐದನೆಯ ದಿನ ನಾನು ಹೋದಾಗ ಮಂಚದ ಮೇಲೆ ಇರಲಿಲ್ಲ, ಮಂಚದ ಕೆಳಗೆ ಇದ್ದರು. ಹೊರಗೆ ಚಪ್ಪಲಿ ಸಪ್ಪಳವಾದರೆ ಸಾಕು, ಹಾಸಿಗೆ ಎಳೆದುಕೊಂಡು ಕೆಳಗೆ ನುಸುಳಿಬಿಡುತ್ತಿದ್ದರು.

"ಅಕ್ಕಾರ, ಬಡಿಗಿ ಏಟು ಒಂದ ದಿನ ಬಿತ್ತು. ಈ ಏಟು ದಿನಾ ಬೀಳಾಕತ್ತಾವು" ಎಂದು ಅಲ್ಲಿಂದಲೇ ಹೇಳಿದರು.

ನಾನು ಒಂದು ಉಪಾಯ ಮಾಡಿದೆ. ಅವರ ಅತ್ತೆಯನ್ನು ಬಾಗಿಲಿಗೆ ಕೂಡಿಸಿ, ಬಂದವರಿಗೆ ಕತೆ ಹೇಳಿ, ಚಹಾ ಕೊಟ್ಟು ಅಲ್ಲಿಂದಲೇ ಕಳಿಸುವ ಕೆಲಸ ಒಪ್ಪಿಸಿದೆ. ಟೇಲರ್ ಅಂದು ಸಂಜೆಯವರೆಗೂ ಗೊರಕೆ ಹೊಡೆದು ಮಲಗಿದರು. ವಾರದೊಳಗೆ ಮಷೀನು ತುಳಿಯತೊಡಗಿದರು. ನನಗೆ ಹಿಗ್ಗೋ ಹಿಗ್ಗು! ಈ ಪದ್ಧತಿಗೆ 'ಬಾಗಿಲ ಬಾಯಿ' ಎಂದು ಹೆಸರಿಟ್ಟೆ. ಸಾಹೇಬರು ಸುತ್ತೋಲೆಯನ್ನೇ ಹೊರಡಿಸಿದರು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ, ಎಲ್ಲಿ ಸಭೆಯಾದರೂ ನನ್ನನ್ನು ವೇದಿಕೆಗೆ ಹತ್ತಿಸಿ ಬಾಗಿಲ ಬಾಯಿಯ ಬಗ್ಗೆ ಮಾತಾಡಿಸಿದರು. ನನ್ನ ತಲೆ ಪುಟ್ಟಿಯಷ್ಟಾಯಿತು. ಅಂಥ ತಲೆ ಹೊತ್ತುಕೊಂಡೇ ನಾನು ನೀಲವ್ವನ ಮನೆಗೆ ಹೋದದ್ದು.

ಬ್ಯಾಡಗಿಯಲ್ಲಿ ಊರ ಹೊರಗೆ ಒಂದು ಖಾಸಗಿ ಶೆಡ್ಡಿತ್ತು. ಹೆಂಗಸರು ಸಾಲಾಗಿ ಕೂತು ದಿನವೆಲ್ಲ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ಚೀಲ ಹೊರುವ ಕೆಲಸದಿಂದ ಬಿಡಿಸಿದ್ದ ಒಬ್ಬ ಮನುಷ್ಯ ಆ ಸಿಟ್ಟಿಗೆ ಒಂದು ಮಧ್ಯಾಹ್ನ ಕುಡಗೋಲು ಹಿಡಿದು ಒಳಗೆ ನುಗ್ಗಿ, ಕೈಗೆ ಸಿಕ್ಕ ಹೆಂಗಸರನ್ನೆಲ್ಲ ಕಡಿಯತೊಡಗಿದ. ಆರು ಮಂದಿಗೆ ಗಾಯವಾಯಿತು. ಮೊದಲ ಏಟು ಬಿದ್ದದ್ದು ಕಲ್ಲವ್ವ ಎಂಬ ಹಿರಿಯಳಿಗೆ. ಹೆಗಲಿಗೆ ಆಳವಾಗಿ ಬಿದ್ದು ಅವಳು ಅಲ್ಲಿಯೇ ಎಚ್ಚರ ತಪ್ಪಿದಳು. ಅಷ್ಟರಲ್ಲಿ ಯಾರೋ ಮೆಣಸಿನಕಾಯಿಯ ಪುಡಿ, ಬೀಜ, ಧೂಳು ತುಂಬಿದ್ದ ಪುಟ್ಟಿಯನ್ನು ಅವನ ಮುಖಕ್ಕೆ ಎಸೆದರು. ಪೊಲೀಸರು ಬಂದಾಗ ಅವನು ಬೋರಲು ಬಿದ್ದಿದ್ದ, ಅವನ ಬೆನ್ನ ಮೇಲೆ ನಾಲ್ಕು ಮಂದಿ ಹೆಂಗಸರು ಕೂತಿದ್ದರು. ಪೊಲೀಸರು ಸೀನುತ್ತ ಸೀನುತ್ತಲೇ ಬೇಡಿ ಹಾಕಿದರಂತೆ. "ಏಳ್ರಿ ತಾಯಿ, ಇನ್ನ ನಾವು ನೋಡ್ಕೋತೀವಿ" ಎಂದರೂ ಒಬ್ಬಾಕೆ, "ತಡೀರಿ, ನಮಗ ನಂಬಿಕಿ ಬರಲಿ" ಎಂದು ಏಳಲಿಲ್ಲವಂತೆ. ದೇವರ ದಯೆ, ಯಾರೂ ಸಾಯಲಿಲ್ಲ.

ಅಂದು ಶೆಡ್ಡಿನಲ್ಲಿದ್ದ ಉಳಿದ ಹೆಂಗಸರು ಸುತ್ತಲಿನ ಹಳ್ಳಿಗಳಿಂದ ಬಂದು ಹೋಗುವವರು. ಒಂದೇ ಓಣಿಯವರೆಂದರೆ ಕಲ್ಲವ್ವ ಮತ್ತು ನೀಲವ್ವ, ಇಬ್ಬರೇ. ಕಲ್ಲವ್ವ ಹಾವೇರಿಯ ಆಸ್ಪತ್ರೆಯಲ್ಲಿ ಉಳಿದಳು. ನೀಲವ್ವ ಎಡಗೈಗೆ ಹೊಲಿಗೆ ಹಾಕಿಸಿಕೊಂಡು ಮರುದಿನವೇ ಮನೆಗೆ ಬಂದು, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಊಟವಿಲ್ಲ, ಮಾತಿಲ್ಲ. ನಾನು ಮಗ್ಗುಲಿಗೆ ಕೂತು ಅವಳ ತಲೆ ಸವರಿದೆ.

"ಅಕ್ಕಾರ, ಅವತ್ತ ಕಲ್ಲವ್ವಕ್ಕ..." ಎಂದು ಅವಳು ಬಾಯಿ ತೆರೆದಳು.

"ಶ್... ಬ್ಯಾಡ ನೀಲವ್ವ. ನೀ ಯಾರಿಗೂ ಏನೂ ಹೇಳೋದು ಬ್ಯಾಡ. ನನಗೂ ಬ್ಯಾಡ. ನಾ ಮಾತು ಕೊಡ್ತೇನಿ, ಒಬ್ಬರೂ ನಿನ್ನ ಕೇಳದಂಗ ನೋಡ್ಕೋತೇನಿ."

ಅವಳು ನನ್ನನ್ನೇ ಒಂದು ಗಳಿಗೆ ನೋಡಿ ಮತ್ತೆ ಗೋಡೆಗೆ ತಿರುಗಿದಳು. ಆಘಾತ ಎಂದರೆ ಹೀಗೇ ಎಂದು ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ಹೇಳಿಕೆ ಪಡೆಯಲು ಬಂದ ಪೊಲೀಸರನ್ನೂ ಎರಡು ದಿನ ತಾಳಿ ಎಂದು ನಾನೇ ತಡೆದೆ. ಬಾಗಿಲ ಬಾಯಿಯಾಗಿ ಅವಳ ನೆಗೆಣ್ಣಿ, ಅಂದರೆ ಭಾವನ ಹೆಂಡತಿ, ಗೌರವ್ವನನ್ನು ಕೂಡಿಸಿದೆ. ಗೌರವ್ವನೂ ಅದೇ ಶೆಡ್ಡಿನಲ್ಲಿ ಕೆಲಸ ಮಾಡುವವಳೇ, ಆದರೆ ಆ ದಿನ ಸೀರೆ ಕೊಳ್ಳಲು ಹಾವೇರಿಗೆ ಹೋಗಿದ್ದಳು. ಅದೇ ಒಳ್ಳೆಯದಾಯಿತು ಎಂದುಕೊಂಡೆ ನಾನು ಜಾಣೆ! ಇವಳು ಏನನ್ನೂ ನೋಡಿಲ್ಲ, ಮನಸ್ಸಿಗೆ ಪೆಟ್ಟಿಲ್ಲ, ಬಾಯಿಯಂತೂ ಬೇಕಾದಷ್ಟಿದೆ. ಹೇಳಬೇಕಾದ ನಾಲ್ಕು ವಾಕ್ಯ ಕಲಿಸಿ, ಎರಡು ಸಲ ಒಪ್ಪಿಸಲು ಹೇಳಿದೆ. ಶಾಲೆಯ ಹುಡುಗಿಯ ಹಾಗೆ ಒಪ್ಪಿಸಿದಳು.

ಮೊದಲ ದಿನ ನಾಲ್ಕು ವಾಕ್ಯ ನಾಲ್ಕೇ ಇದ್ದವು. ಆದರೆ ನಾಲ್ಕು ವಾಕ್ಯಕ್ಕೆ ಬಂದವರು ಏಳಲಿಲ್ಲ. "ಇಷ್ಟನಾ?" ಎಂದು ಕೇಳಿದರು. ದೂರದ ಗುತ್ತಲದಿಂದ ಎರಡು ಬಸ್ಸು ಹತ್ತಿ ಬಂದವರಿದ್ದರು, ಪಾಪ. ಗೌರವ್ವ ಅತಿಥಿ ಸತ್ಕಾರದಲ್ಲಿ ಎತ್ತಿದ ಕೈ. ಆಮೇಲೆ ನನ್ನೆದುರು ಕಣ್ಣೀರು ಹಾಕುತ್ತ ಅವಳೇ ಹೇಳಿದಳು: "ಅಷ್ಟ ಹೇಳಿ ಕಳಿಸಿದ್ರ ಚಾ ಕೊಡದ ಕಳಿಸಿದಂಗ ಆಗ್ತಿತ್ತರಿ ಅಕ್ಕಾರ!"

ಹೀಗಾಗಿ ಎರಡನೆಯ ದಿನ ಕುಡಗೋಲು ತಲವಾರವಾಯಿತು. ಅಂದೇ ಮಧ್ಯಾಹ್ನ ಗೌರವ್ವ ತಾನೂ ಶೆಡ್ಡಿನೊಳಗೆ ಬಂದುಬಿಟ್ಟಳು. ಸಂಜೆಯ ಹೊತ್ತಿಗೆ ಪುಟ್ಟಿ ಎಸೆದವಳೂ ಅವಳೇ ಆದಳು. ಮೂರನೆಯ ದಿನ ಯಾರೋ, "ಒಬ್ಬನ ಇಷ್ಟ ಮಂದೀನ ಹೆಂಗ ಕಡದ?" ಎಂದು ಕೇಳಿದರಂತೆ. ಪ್ರಶ್ನೆ ಸರಿಯಾಗಿಯೇ ಇದೆ ಎನಿಸಿ, "ಒಬ್ಬನ ಎಲ್ಲಿ? ಅವನ ಮೂರೂ ಮಂದಿ ತಮ್ಮಂದಿರು ಸಂಗಾಟ ಇದ್ರು, ನಾ ಕಣ್ಣಾರೆ ನೋಡೇನಿ, ಗ್ವಾಡಿ ಹಾರಿ ಓಡಿ ಹೋದ್ರು" ಎಂದುಬಿಟ್ಟಳು.

ಆ ಮೂವರು ತಮ್ಮಂದಿರು ಮುದಿ ತಾಯಿಯೊಡನೆ ಎರಡು ಓಣಿ ಆಚೆ ಇದ್ದರು. ಮೂವರೂ ಹಮಾಲರು. ಅಣ್ಣ ಮಾಡಿದ ಕೆಲಸಕ್ಕೆ ತಲೆ ಎತ್ತಲಾರದೆ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದರು. ಮಾತು ಫೋನಿನಿಂದ ಫೋನಿಗೆ ಹಾರಿತು. ಮಾರನೆಯ ದಿನ ನಾನು ನೀಲವ್ವನ ಮಗ್ಗುಲಿಗೆ ಕೂತು ಗಂಜಿ ಕುಡಿಸಲು ನೋಡುತ್ತಿದ್ದಾಗ, ಬಿಸಿಲು ಇಳಿಯುವ ಹೊತ್ತಿಗೆ ಓಣಿಯಲ್ಲಿ ಸೀಟಿ ಕೇಳಿಸಿತು.

ಆ ಸೀಟಿ ನಮ್ಮದೇ. ಹಿಂದಿನ ವರ್ಷ ಆ ಓಣಿಗೆ ತರಬೇತಿ ಕೊಟ್ಟವಳು ನಾನೇ. ಸೀಟಿ ಊದಿದರೆ ಎಲ್ಲರೂ ಬೇವಿನ ಕಟ್ಟೆಗೆ ಸೇರಬೇಕು ಎಂದು ಮೂರು ಸಲ ಅಭ್ಯಾಸ ಮಾಡಿಸಿದಾಗ ಬಂದವರು ಐದು ಮುದುಕರು ಮತ್ತು ಒಂದು ಆಡು. ಈಗ ಬಾಗಿಲಿಗೆ ಬಂದು ನೋಡುತ್ತೇನೆ, ಕಟ್ಟೆಯ ಸುತ್ತ ಕಾಲಿಡಲು ಜಾಗವಿಲ್ಲ! ಎಲ್ಲ ಗಂಡಸರು, ಕೈಯಲ್ಲಿ ಬಡಿಗೆ, ಸಲಾಕೆ, ಒಬ್ಬನ ಕೈಯಲ್ಲಿ ಸೀಮೆಎಣ್ಣೆಯ ಕ್ಯಾನು. ಮುಂದೆ ನಿಂತವನು ಕಲ್ಲವ್ವನ ಮಗ ಮಾಂತೇಶ. ಕಣ್ಣು ಕೆಂಡವಾಗಿದ್ದವು. ನನ್ನ ತರಬೇತಿ ಮೊದಲ ಬಾರಿಗೆ ಫಲ ಕೊಟ್ಟಿತ್ತು ನೋಡಿ.

ಇದ್ದವರು ಒಬ್ಬರೇ ಹವಾಲ್ದಾರರು. ಅವರು ಎರಡೂ ಕೈ ಅಗಲಿಸಿ ನಿಂತು, "ಒಬ್ಬನ ಇದ್ನಪಾ, ಅವ ಜೇಲಿನೊಳಗದಾನ" ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. "ಮುಚ್ಚಿ ಹಾಕಾಕತ್ತೀರಿ!" ಎಂದು ಗುಂಪು ಕೂಗಿತು. ಹಾವೇರಿಯಿಂದ ಪೊಲೀಸ್ ಗಾಡಿ ಬರಲು ಹೊತ್ತು ಬೇಕಿತ್ತು, ಆ ತಮ್ಮಂದಿರ ಮನೆಗೆ ಐದೇ ನಿಮಿಷದ ನಡಿಗೆ. ಗೌರವ್ವನನ್ನು ಹುಡುಕಿದೆ. ಅವಳು ಅಡುಗೆಮನೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದಳು. "ನಾ ಇದಕ ಹೇಳಿದ್ದಲ್ಲರಿ, ನಾ ಸುಮ್ನ..." ಎಂದಳು.

ಹವಾಲ್ದಾರರು ಕಿಟಕಿಯ ಹತ್ತಿರ ಬಂದು, "ಅಕ್ಕಾರ, ನೋಡಿದಾಕಿ ಒಬ್ಬಾಕಿ ಒಳಗ ಅದಾಳಲ್ಲ. ಆಕೀನ ಕರೀರಿ, ಇಲ್ಲಂದ್ರ ನಾಲ್ಕು ಜೀವ ಹೋಗ್ತಾವು" ಎಂದರು.

ಯಾರೂ ಕೇಳುವುದಿಲ್ಲ ಎಂದು ಮಾತು ಕೊಟ್ಟವಳು ನಾನು. ಕೇಳಿದರೆ ಇವಳ ಗತಿ ಏನು, ಕೇಳದಿದ್ದರೆ ಆ ಮುದುಕಿ ಮತ್ತು ಮೂವರು ಮಕ್ಕಳ ಗತಿ ಏನು? ನೌಕರಿಯುದ್ದಕ್ಕೂ ಅಷ್ಟು ಹೆದರಿದ್ದು ಇನ್ನೊಂದು ಸಲವಿಲ್ಲ. ನೀಲವ್ವನ ಹತ್ತಿರ ಹೋಗಿ ಕೂತೆ. "ನೀಲವ್ವ," ಎಂದೆ, "ನಾ ನಿನಗ ಮಾತು ಕೊಟ್ಟಿದ್ನಿ..."

ಮುಂದಿನದು ಹೇಳಲು ಬಿಡಲೇ ಇಲ್ಲ. ಮೂರು ದಿನ ಗೋಡೆ ನೋಡುತ್ತಿದ್ದವಳು ಧಡಕ್ಕನೆ ಎದ್ದು ಕೂತಳು. ಎದ್ದಳು. ಕಟ್ಟು ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು, ಬಿಚ್ಚಿದ ಕೂದಲಲ್ಲೇ ನನ್ನನ್ನು ದಾಟಿ, ಹವಾಲ್ದಾರರನ್ನು ದಾಟಿ, ಕಟ್ಟೆ ಹತ್ತಿ ನಿಂತಳು.

"ಏ ಮಾಂತ್ಯಾ! ಯಾರ ಮನೀಗೆ ಹೊಂಟೀಯೋ?"

ಮಾಂತೇಶ ತಬ್ಬಿಬ್ಬಾದ. "ನೀ ಒಳಗ ನಡಿ ಚಿಗವ್ವ. ಆ ನಾಲ್ಕೂ ಮಂದಿ ನಮ್ಮವ್ವನ್ನ..."

"ಯಾವ ನಾಲ್ಕು ಮಂದಿ?"

"ಗೌರವ್ವ ದೊಡ್ಡವ್ವ ಹೇಳ್ಯಾಳಲ್ಲ, ಕಣ್ಣಾರೆ ನೋಡೇನಿ ಅಂತ!"

"ಗೌರವ್ವ!" ನೀಲವ್ವನ ದನಿ ಓಣಿಯ ಕೊನೆಗೆ ಮುಟ್ಟಿತು. "ಗೌರವ್ವ ಅವತ್ತ ಶೆಡ್ಡಿಗೆ ಬಂದಿದ್ಲನು? ಹಾವೇರ್ಯಾಗ ಸೀರಿ ಆರಿಸಾಕತ್ತಿದ್ಲು! ಮುಂಜಾನಿ ಹೋದಾಕಿ ಸಂಜೀಕ ಬಂದಾಳ. ಬಂದು ಮೊದಲ ಸೀರಿ ತೋರಿಸ್ಯಾಳ, ಆಮ್ಯಾಲ ಅತ್ತಾಳ!"

ಗುಂಪಿನ ಹಿಂದಿನಿಂದ ಯಾರೋ ಪಕ್ಕನೆ ನಕ್ಕರು.

"ಒಬ್ಬನ ಬಂದಿದ್ದ. ಅವನ ತಮ್ಮಂದಿರ ಮಾರಿ ಸೈತ ನಾ ನೋಡಿಲ್ಲ. ತಲವಾರನೂ ಇಲ್ಲ, ಗ್ವಾಡಿ ಹಾರಿದ್ದೂ ಇಲ್ಲ. ಪುಟ್ಟಿ ಒಗದಾಕಿ ನಾನು! ಇಕಿ ಬಾಗಲ್ದಾಗ ಕುಂತು, ನಾ ಒಗದೆ, ನಾ ಒಗದೆ ಅಂತ ಬಂದವರಿಗೆಲ್ಲಾ ಹೇಳಾಕತ್ತಾಳ, ನಾ ಒಳಗ ಬಿದ್ದು ಗ್ವಾಡಿ ಕಡೆ ಮಾರಿ ಮಾಡಿ ಹಲ್ಲು ಕಡ್ಯಾಕತ್ತೇನಿ!"

ಈಗ ಓಣಿಗೆ ಓಣಿಯೇ ನಕ್ಕಿತು. ನಗದೆ ಇರಲು ಹವಾಲ್ದಾರರೂ ಮೀಸೆ ಕಚ್ಚಿದರು. ಕ್ಯಾನು ಹಿಡಿದವನು ಅದನ್ನು ಕೆಳಗಿಟ್ಟು ಅದರ ಮೇಲೆಯೇ ಕೂತ. ನಾನು ಮಾತ್ರ ಬಾಗಿಲಲ್ಲಿ ನಿಂತು ಬೆಪ್ಪಾದೆ. ನಾನು ಆಘಾತ ಎಂದು ಬರೆದುಕೊಂಡದ್ದು ಸಿಟ್ಟು! ಶುದ್ಧ, ನಿಗಿನಿಗಿ ಉರಿಯುವ ಸಿಟ್ಟು!

"ನಗಬ್ಯಾಡ್ರಿ. ಇನ್ನೂ ಮುಗದಿಲ್ಲ" ಎಂದಳು ನೀಲವ್ವ. ಅವಳ ದನಿ ಬದಲಾಗಿತ್ತು, ನಗು ನಿಂತಿತು. "ಮಾಂತ್ಯಾ, ಅವ ಬಂದಾಗ ಬಾಗಲ್ದ ಹತ್ರ ಇದ್ದಾಕಿ ನಾನು. ಕುಡಗೋಲು ಎತ್ತಿದ್ದು ನನ್ನ ಮ್ಯಾಲ. ನಾ ಹೆದರಿ ನಿಮ್ಮವ್ವನ ಹಿಂದ ಅಡಗಿಕೊಂಡೆ. ಆ ಏಟು ನನಗ ಬೀಳೋದಿತ್ತು, ಆಕೀಗೆ ಬಿತ್ತು. ಆಕಿ ಬಿದ್ದ ಮ್ಯಾಲ ನನಗ ಕೈಕಾಲು ಬಂದಾವು, ಆಮ್ಯಾಲ ಪುಟ್ಟಿ ಒಗದೇನಿ. ಸೇಡು ತೀರಿಸ್ಕೋಬೇಕಂದ್ರ ಆ ಮನೀ ತನಕ ಯಾಕ ಹೋಗ್ತಿ? ನಾ ಇಲ್ಲೇ ನಿಂತೇನಿ."

ಮಾಂತೇಶ ಬಡಿಗೆಯನ್ನು ನೋಡಿದ, ಅವಳನ್ನು ನೋಡಿದ. ಬಡಿಗೆ ಕಟ್ಟೆಗೆ ಆನಿಸಿ ಮೆಲ್ಲನೆ ಹೇಳಿದ:

"ಅವ್ವಗ ಗೊತ್ತೈತಿ ಚಿಗವ್ವ. ನೀ ಹಿಂದ ಇದ್ದಿ ಅನ್ನೋದಷ್ಟ ಆಕೀಗೆ ನೆನಪೈತಿ. ಎಚ್ಚರ ಆದಾಗಿಂದ ಒಂದ ಮಾತು: ನೀಲಿ ನನ್ನ ಹಿಂದ ಇದ್ಲು, ಆಕೀಗೆ ಏನೂ ಆಗಿಲ್ಲ ಹೌದಿಲ್ಲೋ, ಹೋಗಿ ನೋಡ್ಕೊಂಡು ಬಾ. ಅದನ್ನ ಕೇಳಾಕ ನಾ ಮೂರು ದಿನ ಬಂದೆ. ಬಾಗಲ್ದಾಗ ಕತಿ ಹೇಳಿ, ಚಾ ಕೊಟ್ಟು ಕಳಿಸಿದ್ರು."

ನೀಲವ್ವ ಕಟ್ಟೆಯ ಮೇಲೆ ಕುಸಿದು ಕೂತು ಅತ್ತಳು. ಮಾಂತೇಶನೂ ಅತ್ತ. ನಾನು ಬಾಗಿಲಲ್ಲೇ ನಿಂತು ಅತ್ತೆ. ಜನ ಒಬ್ಬೊಬ್ಬರಾಗಿ ಬಡಿಗೆಗಳನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ಮನೆಗೆ ಹೋದರು. ಗಾಡಿ ಬಂದಾಗ ಕಟ್ಟೆಯ ಮೇಲೆ ಇದ್ದವರು ನೀಲವ್ವ, ಮಾಂತೇಶ, ಹವಾಲ್ದಾರರು, ನಾನು, ಮತ್ತು ಎಲ್ಲರಿಗೂ ಚಹಾ ತಂದಿದ್ದ ಗೌರವ್ವ.

ಚಹಾ ಕುಡಿಯುತ್ತ ನೀಲವ್ವ ನನ್ನತ್ತ ತಿರುಗಿದಳು. "ಅಕ್ಕಾರ, ನೀವು ಭಾಳ ಒಳ್ಳೇವ್ರು. ಆದ್ರ ನಾ ಹೇಳಾಕ ಬಂದ್ರ ಶ್ ಅಂದ್ರಿ. ಮೂರು ದಿನ ಬಾಯಿ ತುಂಬ ಇದನ್ನ ಇಟ್ಕೊಂಡು ಬಿದ್ದಿದ್ನಿ. ಹೇಳ್ತೀಯೇನು ಅಂತ ಒಂದ ಸಲ ಕೇಳಿದ್ರ ನಿಮ್ಮ ಗಂಟೇನು ಹೋಗ್ತಿತ್ತು?"

ನನ್ನ ತಲೆ ಪುಟ್ಟಿಯಿಂದ ಅಡಕೆಯಷ್ಟಾಯಿತು. ಟೇಲರ್‌ಗೆ ಬೇಕಿದ್ದುದನ್ನು ನಾನು ನೀಲವ್ವನ ಬಾಯಿಗೆ ಹೊಲಿದಿದ್ದೆ. ವಾರದ ಮೇಲೆ ಸಾಹೇಬರಿಗೆ ಎಲ್ಲ ಹೇಳಿದಾಗ ಅವರು ತಲೆಯ ಮೇಲೆ ಕೈ ಹೊತ್ತು, "ಅಂದ್ರೆ ಈಗ ಬಾಗಿಲು ತೆಗೀರಿ ಅಂತ ಇನ್ನೊಂದು ಸುತ್ತೋಲೆ ಹಾಕ್ಬೇಕಾ ಸುಮಿತ್ರಮ್ಮ?" ಎಂದರು. ಹಾಕಿದರು. ಅದರಲ್ಲಿ ಒಂದೇ ವಾಕ್ಯ: ಹೇಳುವಿರೋ, ಸುಮ್ಮನಿರುವಿರೋ, ಹೇಳುವುದಾದರೆ ಯಾರಿಗೆ, ಇದನ್ನು ಪೆಟ್ಟು ತಿಂದವರನ್ನೇ ಮೊದಲು ಕೇಳತಕ್ಕದ್ದು. ಹುಡುಗಿಯರೇ, ನನ್ನ ಇಡೀ ನೌಕರಿಯಿಂದ ನೀವು ಇಷ್ಟು ತೆಗೆದುಕೊಂಡರೆ ಸಾಕು.

ಆ ಸಂಜೆಯ ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ನೀಲವ್ವನನ್ನು ಹಾವೇರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಲ್ಲವ್ವನ ಮಂಚದ ಮೇಲೆ ಅವಳು ಕೂತಳು. ನಾನು ಹೊರಗೆ ನಿಂತೆ. ಮೊದಲು ಇಬ್ಬರ ಅಳು ಕೇಳಿಸಿತು, ಆಮೇಲೆ ಇಬ್ಬರೂ ಒಟ್ಟಿಗೆ ಮಾತಾಡತೊಡಗಿದರು, ಆಮೇಲೆ ಗೌರವ್ವನ ಸೀರೆಯ ಸುದ್ದಿ ಬಂದಿರಬೇಕು, ಕಲ್ಲವ್ವ ಹೊಲಿಗೆ ಹಿಡಿದುಕೊಂಡು, "ಸಾಕ ಬಿಡ ನೀಲಿ, ನಕ್ರ ನೋಯತೈತಿ" ಎಂದು ಕೂಗಿದಳು. ಅಷ್ಟರಲ್ಲಿ ಎಳನೀರು ಹಿಡಿದ ಮುದುಕರೊಬ್ಬರು, ಕಲ್ಲವ್ವನ ದೂರದ ಅಣ್ಣ, ದೇವರಗುಡ್ಡದಿಂದ ಬಂದು ನನ್ನೆದುರು ನಿಂತು ಬೆವರು ಒರೆಸಿಕೊಂಡರು.

"ಹೆಂಗಾತರಿ ಬಾಯಾರ? ಸ್ವಲ್ಪ ಮೊದಲಿಂದ ಹೇಳ್ರಿ."

ನನಗೆ ಎಲ್ಲವೂ ಗೊತ್ತಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದು ನಿಂತೆ.

"ಒಳಗ ಹೋಗ್ರಿ ಯಜಮಾನ್ರ. ಹೇಳ್ತೀರೇನು ಅಂತ ಅವರನ್ನ ಕೇಳ್ರಿ."